ಯಾವ ಗಾಡಿ ಕಾಯಬೇಕು?

ನಮ್ಮ ಉಡಿಗಾಲಕ್ಕೆ ರೈಲುಹಳಿ ಬಂದಿಲ್ಲ, ಗುಂಡ್ಲುಪೇಟೆಗೂ ಇಲ್ಲ. ರೈಲು ಹತ್ತುವವರು ಚಾಮರಾಜನಗರಕ್ಕೆ ಹೋಗಬೇಕು. ಅಲ್ಲಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರು. ದಾರಿಯ ಬಹುಭಾಗ ಒಂಟಿ ಹಳಿ. ಮೀಟರ್ ಗೇಜು ಹೋಗಿ ಬ್ರಾಡ್ ಗೇಜು ಬಂದರೂ ಒಂಟಿ ಹಳಿಯ ನಿಯಮ ಹಳೆಯದೇ. ಎದುರುಬದುರಾಗಿ ಬರುವ ಎರಡು ಗಾಡಿಗಳಲ್ಲಿ ಒಂದು, ಯಾವುದಾದರೂ ನಿಲ್ದಾಣದಲ್ಲಿ ನಿಂತು ಇನ್ನೊಂದಕ್ಕೆ ದಾರಿ ಬಿಡಬೇಕು. ಇದನ್ನು ಎಲ್ಲರೂ ಕ್ರಾಸಿಂಗ್ ಎಂದೇ ಕರೆಯುತ್ತಾರೆ.

ಗಾಡಿಗಳು ವೇಳೆಗೆ ಸರಿಯಾಗಿ ಓಡಿದರೆ ಯಾವುದು ಎಲ್ಲಿ ಕಾಯಬೇಕೆಂಬುದನ್ನು ವೇಳಾಪಟ್ಟಿಯೇ ಹೇಳುತ್ತದೆ. ಒಂದು ತಡವಾದರೆ ಆ ಹೊಣೆ ಕಂಟ್ರೋಲರ ಮೇಲೆ ಬೀಳುತ್ತದೆ. ಅವರ ಮುಂದೆ ಒಂದು ನಕ್ಷೆ: ಒಂದು ಬದಿಗೆ ನಿಲ್ದಾಣಗಳು, ಇನ್ನೊಂದು ಬದಿಗೆ ಗಂಟೆ ನಿಮಿಷಗಳು. ಪ್ರತಿಯೊಂದು ಗಾಡಿಯೂ ಅದರಲ್ಲಿ ಒಂದು ಓರೆಗೆರೆ. ಹಿಂದೆ ಪೆನ್ಸಿಲಿನಿಂದ ಎಳೆಯುತ್ತಿದ್ದ ಆ ಗೆರೆಗಳು ಈಗ ಕಂಪ್ಯೂಟರಿನ ಪರದೆಯ ಮೇಲೆ ಮೂಡುತ್ತವೆ.

ಹತ್ತು ಕ್ರಾಸಿಂಗುಗಳಿದ್ದು, ಒಂದೊಂದರಲ್ಲೂ ಎರಡು ಆಯ್ಕೆಗಳಿದ್ದರೆ ಒಟ್ಟು 1,024 ದಾರಿಗಳು. ಇಪ್ಪತ್ತಾದರೆ ಹತ್ತು ಲಕ್ಷಕ್ಕೂ ಮಿಕ್ಕು. ಗಾಡಿಗಳು ಓಡುತ್ತಿರುವಾಗಲೇ ಇವನ್ನೆಲ್ಲ ತೂಗಿ ನೋಡಲಾಗದು. 1960ರಲ್ಲಿ ಐಲ್ಸಾ ಲ್ಯಾಂಡ್ ಮತ್ತು ಆಲಿಸನ್ ಡಾಯ್ಗ್ ಎಂಬ ಇಬ್ಬರು ಮಹಿಳೆಯರು ಪ್ರಕಟಿಸಿದ ‘ಬ್ರಾಂಚ್ ಅಂಡ್ ಬೌಂಡ್’ ವಿಧಾನ ಇಲ್ಲಿ ನೆರವಿಗೆ ಬರುತ್ತದೆ. ಅದರ ತಿರುಳು ಸರಳ. ಒಂದು ಕವಲನ್ನು ಹಿಡಿದು ಹೊರಟಾಗ, ಎಷ್ಟೇ ಚೆನ್ನಾಗಿ ನಡೆದರೂ ಅದು ಕೈಯಲ್ಲಿರುವ ಪರಿಹಾರಕ್ಕಿಂತ ಮೇಲಾಗದೆಂದು ತಿಳಿದೊಡನೆ ಇಡೀ ಕವಲನ್ನೇ ಕೈಬಿಡುವುದು.

ಇಂಥ ವಿಧಾನಗಳಿಗೆ ಆಪ್ಟಿಮೈಸೇಷನ್ ಎಂದು ಹೆಸರು. ಅತ್ಯಂತ ಅನುಕೂಲವಾದುದನ್ನು ಹುಡುಕುವುದು ಎಂದು ನಾನು ಅದನ್ನು ಬಿಡಿಸಿ ಹೇಳುತ್ತೇನೆ. ಕನ್ನಡದಲ್ಲಿ ಅನುಕೂಲವೆಂದೊಡನೆ ‘ಯಾರಿಗೆ?’ ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ. ಈ ಲೆಕ್ಕದ ಜೀವ ಇರುವುದು ಆ ಪ್ರಶ್ನೆಯಲ್ಲಿ.

ನಂಜನಗೂಡಿನ ಈಚೆಗೆ ಎರಡು ಗಾಡಿಗಳು ಎದುರಾಗಲಿವೆ ಎಂದು ಭಾವಿಸೋಣ. ಪ್ಯಾಸೆಂಜರ್ ಗಾಡಿಯನ್ನು ನಿಲ್ಲಿಸಿದರೆ ಅದು ಕಾಯಬೇಕಾದದ್ದು 8 ನಿಮಿಷ. ಎಕ್ಸ್‌ಪ್ರೆಸ್ಸನ್ನು ನಿಲ್ಲಿಸಿದರೆ ಅದು 12 ನಿಮಿಷ. ಗಾಡಿಯ ನಿಮಿಷಗಳನ್ನಷ್ಟೇ ಎಣಿಸಿದರೆ ಪ್ಯಾಸೆಂಜರ್ ನಿಲ್ಲಬೇಕು. ಆದರೆ ಅದರಲ್ಲಿ 500 ಜನ, ಎಕ್ಸ್‌ಪ್ರೆಸ್ಸಿನಲ್ಲಿ 200 ಜನ ಇದ್ದರೆ? ಆಗ ಜನರು ಕಾಯುವ ಹೊತ್ತು ಕ್ರಮವಾಗಿ 4,000 ಮತ್ತು 2,400 ನಿಮಿಷ. ತೀರ್ಪು ತಿರುಗುತ್ತದೆ. ಎಕ್ಸ್‌ಪ್ರೆಸ್ಸಿನ ಒಂದು ನಿಮಿಷಕ್ಕೆ ಎರಡರಷ್ಟು ತೂಕ ಕೊಟ್ಟರೆ ಮತ್ತೆ ತಿರುಗುತ್ತದೆ. ಮೈಸೂರಿನಲ್ಲಿ ಬೆಂಗಳೂರಿನ ಗಾಡಿ ತಪ್ಪಿಸಿಕೊಂಡವನಿಗೆ ಈ 8 ನಿಮಿಷ ಎರಡು ಗಂಟೆಯೂ ಆಗಬಹುದು. ಅದು ಯಾವ ಮೊತ್ತದಲ್ಲಿ ಸೇರಬೇಕು?

ಯಂತ್ರವು ಕ್ಷಣದಲ್ಲಿ ಉತ್ತರ ಕೊಡುತ್ತದೆ. ಕೊಡಲಿ, ಕಂಟ್ರೋಲರ ಭಾರ ಇಳಿಯಲಿ. ಆದರೆ ಯಾರ ನಿಮಿಷಕ್ಕೆ ಎಷ್ಟು ತೂಕವೆಂದು ಅದಕ್ಕೆ ಮೊದಲೇ ಹೇಳಿಕೊಟ್ಟವರು ಮನುಷ್ಯರು. ಆ ತೂಕವನ್ನು ಹೇಗೆ ಗೊತ್ತುಮಾಡಿದರೆಂಬುದು ನಿಂತ ಗಾಡಿಯಲ್ಲಿ ಕುಳಿತವರಿಗೂ ತಿಳಿಯುವಂತಿರಬೇಕು. ನಿಲ್ಲುವುದಕ್ಕೆ ನಮ್ಮ ಕಡೆಯ ಜನ ಬೇಸರಪಡುವವರಲ್ಲ. ಏಕೆ ನಿಂತೆವೆಂದು ಯಾರೂ ಹೇಳದಿರುವುದೇ ಅವರ ಬೇಸರ.