ಪದ್ಯವನ್ನು ಕಿವಿಯಿಂದ ಕಲಿಸೋಣ

(ಕಾಸರಗೋಡಿನ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಕನ್ನಡ ಅಧ್ಯಾಪಕರು ಮಾಡಿದ ಭಾಷಣ)



"ಪದ್ಯ ಕಲಿತು ಮಕ್ಕಳಿಗೆ ಏನಾಗಬೇಕು? ಸಾರಾಂಶ ಬರೆದರೆ ಅಂಕ ಬರುತ್ತದಲ್ಲ" ಎಂದು ರಕ್ಷಕರು ಕೇಳುವುದುಂಟು. ಕೇಳುವುದರಲ್ಲಿ ತಪ್ಪಿಲ್ಲ. ಗಡಿನಾಡಿನಲ್ಲಿ ಮಗುವನ್ನು ಕನ್ನಡ ಮಾಧ್ಯಮಕ್ಕೆ ಸೇರಿಸಿದ ತಮಗೆ, ತರಗತಿಯಲ್ಲಿ ಏನು ನಡೆಯುತ್ತದೆಂದು ತಿಳಿಯುವ ಹಕ್ಕಿದೆ. ಆದ್ದರಿಂದ ಇಂದು ಪದ್ಯಪಾಠದ ಮೊದಲ ಮೆಟ್ಟಿಲನ್ನು ತಮ್ಮ ಮುಂದಿಡುತ್ತೇನೆ.

ಪದ್ಯದಲ್ಲಿ ಉಪಮೆಯಿದೆ, ಭಾವವಿದೆ, ಧ್ವನಿಯಿದೆ. ಆದರೆ ಕಿವಿಗೆ ಮೊದಲು ಮುಟ್ಟುವುದು ಲಯ. ಲಯವನ್ನು ಅಳೆಯುವ ಮಾನ ಮಾತ್ರೆ. ಹ್ರಸ್ವಾಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘಾಕ್ಷರ ಗುರು, ಅದಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರ, ಅನುಸ್ವಾರ ವಿಸರ್ಗಗಳಿಂದ ಕೂಡಿದ ಅಕ್ಷರ, ಇವೂ ಗುರುಗಳೇ. ಈ ಸೂತ್ರವನ್ನು ಬಾಯಿಪಾಠ ಮಾಡಿಸಿದರೆ ಮಕ್ಕಳು ಎರಡು ದಿನದಲ್ಲಿ ಮರೆಯುತ್ತಾರೆ. ಊರ ಹೆಸರಿನಿಂದ ಆರಂಭಿಸಿದರೆ ಮರೆಯುವುದಿಲ್ಲ. ಕುಂಬಳೆ 4 ಮಾತ್ರೆ, ಮಂಜೇಶ್ವರ 6, ಕಾಸರಗೋಡು 7. ಬಳಿಕ ಕರಿಹಲಗೆಯ ಮೇಲೆ ನಾವೇ ಕಟ್ಟಿದ ಎರಡು ಸಾಲು:

ನಮ್ಮ ಊರಿನ ಶಾಲೆ ಕನ್ನಡ
ಅಮ್ಮ ಹೇಳಿದ ಮಾತು ಕನ್ನಡ

ಮೂರು, ನಾಲ್ಕು, ಮೂರು, ನಾಲ್ಕು. ಸಾಲಿಗೆ 14 ಮಾತ್ರೆ. ಭಾಮಿನಿ ಷಟ್ಪದಿಯ 1, 2, 4, 5ನೇ ಸಾಲುಗಳ ಅಳತೆ ಇದೇ. 3 ಮತ್ತು 6ನೇ ಸಾಲುಗಳಲ್ಲಿ ಈ ಮೂರು-ನಾಲ್ಕರ ಜೋಡಿ ಮೂರು ಬಾರಿ ಬಂದು ಕೊನೆಗೊಂದು ಗುರು, ಒಟ್ಟು 23. ಕುಮಾರವ್ಯಾಸನು ಭಾರತವನ್ನು ಹಾಡಿದ್ದು ಈ ಛಂದಸ್ಸಿನಲ್ಲಿ. ಯಕ್ಷಗಾನದ ಭಾಗವತರ ಕಂಠದಲ್ಲಿ ನಮ್ಮ ಅನೇಕ ಮಕ್ಕಳು ಭಾಮಿನಿಯನ್ನು ಕೇಳಿದ್ದಾರೆ. ಕಿವಿ ಬಲ್ಲದ್ದಕ್ಕೆ ಹೆಸರು ಕೊಡುವುದಷ್ಟೇ ನಮ್ಮ ಕೆಲಸ.

ಎರಡೂ ಸಾಲಿನ ಎರಡನೇ ಅಕ್ಷರ 'ಮ್ಮ'. ಇದು ಆದಿಪ್ರಾಸ. ನಮ್ಮ ಮಕ್ಕಳಲ್ಲಿ ಹಲವರ ಮನೆಮಾತು ತುಳು, ಹವ್ಯಕ, ಕೊಂಕಣಿ, ಮರಾಠಿ. ತುಳುವಿನ ಮಗು 'ಅಮ್ಮ'ನ ಬದಲು 'ಅಪ್ಪೆ' ಎಂದು ಹಾಕಲಿ, ಹವ್ಯಕರ ಮಗು 'ಅಬ್ಬೆ' ಎನ್ನಲಿ. ಪ್ರಾಸ ಹೋಯಿತು, ಆದರೆ ಮಾತ್ರೆ ಮೂರೇ, ಲಯ ಕೆಡಲಿಲ್ಲ. ಪ್ರಾಸವಿಲ್ಲದೆಯೂ ಪದ್ಯ ನಿಲ್ಲಬಲ್ಲದೆಂದು ಮಗು ತಾನೇ ಕಂಡುಕೊಳ್ಳುತ್ತದೆ. ಇದೇ ಮಾತನ್ನು 1911ರಲ್ಲಿ ಪ್ರಾಸ ಬಿಟ್ಟು ಬರೆದು ತೋರಿಸಿದವರು ನಮ್ಮ ಮಂಜೇಶ್ವರದ ಗೋವಿಂದ ಪೈಗಳು. ಮಲಯಾಳದಲ್ಲೂ ದ್ವಿತೀಯಾಕ್ಷರ ಪ್ರಾಸದ ಬಗ್ಗೆ ಹತ್ತೊಂಬತ್ತನೇ ಶತಮಾನದ ಕೊನೆಗೆ ದೊಡ್ಡ ವಾದ ನಡೆದಿತ್ತು. ಅಲ್ಲಿಯೂ ಗುರು ಲಘುಗಳ ಲೆಕ್ಕವಿದೆ. ಇಲ್ಲಿ ಕಲಿತದ್ದು ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಲಾಭವಿದೆ. ಒತ್ತು ಬಿಟ್ಟು 'ಅಮ' ಎಂದು ಓದಿದರೆ ಮೂರು ಮಾತ್ರೆ ಎರಡಾಗಿ ತಾಳ ಮುಗ್ಗರಿಸುತ್ತದೆ. ತಪ್ಪನ್ನು ಅಧ್ಯಾಪಕರು ತೋರಿಸಬೇಕಾಗಿಲ್ಲ, ಪದ್ಯವೇ ತೋರಿಸುತ್ತದೆ.

ಈ ಕಿವಿ ರೂಪುಗೊಳ್ಳುವುದು ಪ್ರಾಥಮಿಕ ತರಗತಿಗಳಲ್ಲಿ. ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲೇ ಏಳನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350ಎ ವಿಧಿ ಬಂತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಸೌಲಭ್ಯವೆಂದರೆ ಕಟ್ಟಡ, ಪುಸ್ತಕ ಮಾತ್ರವಲ್ಲ. ಅಕ್ಷರದ ತೂಕ ಬಲ್ಲ ಅಧ್ಯಾಪಕರೂ ಹೌದು. ಕನ್ನಡ ಬಾರದವರು ಕನ್ನಡ ತರಗತಿಗೆ ನೇಮಕವಾಗಿ ಬಂದರೆ ಮಗುವಿನ ಕಿವಿಗೇ ಏಟು. ಅಂಥ ನೇಮಕವಾದಾಗ ಈ ಸಂಘ ಸುಮ್ಮನಿರದೆ ಲಿಖಿತ ಮನವಿ ಕೊಡಬೇಕು.

ಮನೆಯಲ್ಲಿ ತಾವು ಮಾಡಬಹುದಾದದ್ದು ಸುಲಭ. ದಿನಕ್ಕೆ ಹತ್ತು ನಿಮಿಷ ಮಗುವಿನಿಂದ ಪದ್ಯವನ್ನು ಗಟ್ಟಿಯಾಗಿ ಓದಿಸಿ ಕೇಳಿರಿ. ಅಜ್ಜಿಗೆ ಹಾಡು ಬರುತ್ತಿದ್ದರೆ, ಅದು ಯಾವ ಭಾಷೆಯದೇ ಆಗಲಿ, ಮಗುವಿಗೆ ಕಲಿಸಲಿ. ಅರ್ಥ ಹೇಳಿಕೊಡುವ ಹೊಣೆ ನಮ್ಮದು.