ಗುಂಟೆಗೊಂದು ಚುಕ್ಕೆ: ನಿಖರ ಬೇಸಾಯದ ವಿಷಯವಾಗಿ ನಾಲ್ಕು ಮಾತು

(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ಭಾನುವಾರ ಮಾತಾಡಬೇಕಾಗಿದ್ದ ಹಿರಿಯರು ಊರಿಗೆ ಹೋದುದರಿಂದ ಕಾರ್ಯದರ್ಶಿಗಳು ಈ ಹೊರೆಯನ್ನು ನನ್ನ ಮೇಲೆ ಹೊರಿಸಿದ್ದಾರೆ. ನಾನು ನೂಲಿನ ಗಿರಣಿಯ ಗುಮಾಸ್ತ. ನನ್ನ ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ಸಂಜೆ ಇಲ್ಲಿ ಪತ್ರಿಕೆಗಳನ್ನು ಹೊಂದಿಸಿಡುವುದು, ಪುಸ್ತಕದ ರಿಜಿಸ್ಟರು ಬರೆಯುವುದು, ಇಷ್ಟೇ ನನ್ನ ಸೇವೆ. ಆದಕಾರಣ ಪಾಂಡಿತ್ಯದ ಮಾತನ್ನು ತಾವು ನನ್ನಿಂದ ನಿರೀಕ್ಷಿಸಬಾರದು. ಈ ವಿಷಯ ನನ್ನ ಕಿಸೆಯಿಂದ ಹುಟ್ಟಿದ್ದು.

ಹೋದ ವರ್ಷ ಜೂನ್ ತಿಂಗಳಲ್ಲಿ ಹಾವೇರಿ ಕಡೆಯ ನಮ್ಮ ಹಳ್ಳಿಯಿಂದ ಅಣ್ಣ ಫೋನು ಮಾಡಿದ. “ಗೊಬ್ಬರಕ್ಕ ರೊಕ್ಕ ಕಳಸು ತಮ್ಮಾ” ಅಂದ. ಎಷ್ಟು ಎಂದು ಕೇಳಿದೆ. “ಹೋದ ವರ್ಷ ಕಳಿಸಿದಷ್ಟ” ಅಂದ. ಇಲ್ಲಿರುವ ತಮ್ಮಲ್ಲಿ ಅನೇಕರಿಗೆ ಇಂಥ ಫೋನು ಬರುತ್ತದೆ. ಪಗಾರವಾದ ವಾರದಲ್ಲೇ ಬರುತ್ತದೆ. ಕಳಿಸಿದೆ. ಆದರೆ ಆ ರಾತ್ರಿ ಒಂದು ಲೆಕ್ಕ ತಲೆಯಲ್ಲಿ ಕೊರೆಯತೊಡಗಿತು. ನಮ್ಮದು 2 ಎಕರೆ 30 ಗುಂಟೆ ಹೊಲ. ಹಳ್ಳದ ಕಡೆಯ ಕೆಳಗಿನ ತುಂಡು ಎರೆಮಣ್ಣು, ಅಲ್ಲಿ ಹತ್ತಿ ಎದೆಮಟ್ಟ ಏರುತ್ತದೆ. ಮೇಲಿನ ತುಂಡು ಕಲ್ಲುಮಿಶ್ರಿತ ಮಸಾರಿ, ಅಲ್ಲಿ ಗಿಡ ಮೊಣಕಾಲು ದಾಟುವುದಿಲ್ಲ. ಎರಡಕ್ಕೂ ಒಂದೇ ಅಳತೆಯ ಯೂರಿಯಾ, ಒಂದೇ ಅಳತೆಯ ಡಿಎಪಿ!

ಗಿರಣಿಯಲ್ಲಿ ಹೀಗೆ ನಡೆದರೆ ನನ್ನ ಕೆಲಸ ಹೋಗುತ್ತದೆ. ನಮ್ಮಲ್ಲಿ ಬರುವ ಹತ್ತಿಯ ಪ್ರತಿಯೊಂದು ಬೇಲಿಗೂ, ಅಂದರೆ 170 ಕಿಲೋದ ಒಂದೊಂದು ಕಟ್ಟಿಗೂ ನಂಬರು ಉಂಟು, ಚೀಟಿ ಉಂಟು. ಎಳೆಯ ಉದ್ದ, ಗಟ್ಟಿತನ, ನವುರು ಇವನ್ನು ಪರೀಕ್ಷೆ ಮಾಡಿ, ಯಾವುದನ್ನು ಯಾವುದರೊಡನೆ ಬೆರೆಸಬೇಕೆಂದು ಗೊತ್ತುಮಾಡಿ, ಆಮೇಲೆಯೇ ಬೇಲಿನ ಕಟ್ಟು ಬಿಚ್ಚುವುದು. ಆ ಹತ್ತಿ ಹುಟ್ಟಿದ ಹೊಲದಲ್ಲಿ ಮಾತ್ರ ಇಂಥ ಚೀಟಿ ಇಲ್ಲ. ಪ್ರಿಸಿಷನ್ ಫಾರ್ಮಿಂಗ್, ಕನ್ನಡದಲ್ಲಿ ನಿಖರ ಬೇಸಾಯ, ಎಂಬುದು ಹೊಲದ ಒಂದೊಂದು ತುಂಡಿಗೂ ಇಂಥ ಚೀಟಿ ಬರೆಯುವ ವಿದ್ಯೆ. ಎಲ್ಲಿ ಎಷ್ಟು ಬೇಕೋ ಅಲ್ಲಿ ಅಷ್ಟು; ಯಾವಾಗ ಬೇಕೋ ಆವಾಗ.

ಇದೇನು ದೊಡ್ಡ ಸಂಗತಿ, ನಮ್ಮ ಅಜ್ಜನಿಗೂ ಗೊತ್ತಿತ್ತು ಎಂದು ತಾವು ಅನ್ನಬಹುದು. ನಿಜ, ಅಜ್ಜನಿಗೆ ಗೊತ್ತಿತ್ತು. ಅವನು ದಿನಾ ಹೊಲ ತುಳಿಯುತ್ತಿದ್ದ. ಅಮೆರಿಕದಲ್ಲೂ ಈ ವಿಚಾರ ಹಳೆಯದೇ. 1929ರಲ್ಲಿಯೇ ಇಲಿನಾಯ್ ವಿಶ್ವವಿದ್ಯಾಲಯದ ಲಿನ್ಸ್ಲಿ ಮತ್ತು ಬಾವರ್ ಎಂಬಿಬ್ಬರು, ಹೊಲದ ಬೇರೆ ಬೇರೆ ಕಡೆಯ ಮಣ್ಣಿನ ಹುಳಿತನವನ್ನು ಪರೀಕ್ಷಿಸಿ, ನಕಾಶೆ ಬರೆದು, ಬೇಕಾದ ಕಡೆ ಮಾತ್ರ ಸುಣ್ಣ ಹಾಕಿರಿ ಎಂದು ರೈತರಿಗೆ ತಿಳಿಸಿಕೊಟ್ಟಿದ್ದರು. ಆಮೇಲೆ ಟ್ರ್ಯಾಕ್ಟರು ದೊಡ್ಡದಾಯಿತು, ಹೊಲ ಅದಕ್ಕಿಂತ ದೊಡ್ಡದಾಯಿತು. ರೈತ ಯಂತ್ರದ ಗಾಜಿನ ಗೂಡಿನಲ್ಲಿ ಕುಳಿತ, ಕಾಲು ಮಣ್ಣಿನಿಂದ ಮೇಲೆ ಹೋಯಿತು. ಸಾವಿರಾರು ಎಕರೆಗೆ ಒಂದೇ ಲೆಕ್ಕದಲ್ಲಿ ಗೊಬ್ಬರ ಎರಚುವುದು ಸುಲಭವಾಯಿತು.

1990ರ ದಶಕದ ಆರಂಭದಲ್ಲಿ ಅಲ್ಲಿನ ಕಟಾವು ಯಂತ್ರಗಳೊಳಗೆ ಕಾಳಿನ ಹರಿವನ್ನು ಅಳೆಯುವ ಸಾಧನ ಕೂಡಿಸಿದರು. ಅದರ ಜೊತೆಗೆ ಜಿಪಿಎಸ್. ಆಕಾಶದಲ್ಲಿ ಸುತ್ತುವ ಉಪಗ್ರಹಗಳು ಹೊತ್ತು ಸಾರುತ್ತಿರುತ್ತವೆ. ನಾಲ್ಕು ಉಪಗ್ರಹಗಳ ಸಂಕೇತ ಬಂದು ಮುಟ್ಟಲು ಹಿಡಿದ ಕಾಲದಿಂದ, ನೆಲದ ಮೇಲಿನ ಯಂತ್ರ ತಾನು ಎಲ್ಲಿದ್ದೇನೆಂದು ಲೆಕ್ಕ ಹಾಕಿಕೊಳ್ಳುತ್ತದೆ. ಮೊದಮೊದಲು ಅಮೆರಿಕದ ಸೇನೆ ಜನಸಾಮಾನ್ಯರಿಗೆ ಸಿಗುವ ಸಂಕೇತವನ್ನು ಬೇಕೆಂತಲೇ ಕೆಡಿಸಿಡುತ್ತಿತ್ತು. ನೂರು ಮೀಟರಿನವರೆಗೂ ತಪ್ಪು ಬರುತ್ತಿತ್ತು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದರು. ಕಾಳಿನ ತೂಕ ಮತ್ತು ಜಾಗದ ಗುರುತು ಎರಡನ್ನೂ ಕೂಡಿಸಿ ನಕಾಶೆ ಬರೆದಾಗ, ತನ್ನ ಹೊಲದಲ್ಲೇ ಎಲ್ಲಿ ರಾಶಿ, ಎಲ್ಲಿ ಬರ ಎಂಬುದು ರೈತನ ಕಣ್ಣಿಗೆ ಬಿತ್ತು. ಹೊಲದಿಂದ ದೂರವಾದವನಿಗೆ ಹೊಲವನ್ನು ಮತ್ತೆ ತೋರಿಸಿಕೊಡಲು ಹುಟ್ಟಿದ ವಿದ್ಯೆ ಇದು. ಅವನು ಗಾಜಿನ ಗೂಡಿನಲ್ಲಿ ದೂರವಾದ, ನಾವು ಕೊಯಮತ್ತೂರಿನ ಗಿರಣಿಯಲ್ಲಿ ದೂರವಾದೆವು. ದೂರ ದೂರವೇ.

ಇನ್ನು ಜಿಐಎಸ್, ಅಂದರೆ ಭೌಗೋಳಿಕ ಮಾಹಿತಿ ವ್ಯವಸ್ಥೆ. ಹೆಸರು ಕೇಳಿ ಹೆದರಬೇಕಾಗಿಲ್ಲ. ನಮ್ಮ ಗಿರಣಿಯಲ್ಲಿ ಹಾಜರಿ ಪುಸ್ತಕ ಬೇರೆ, ಪಗಾರದ ಪುಸ್ತಕ ಬೇರೆ, ಮುಂಗಡದ ಪುಸ್ತಕ ಬೇರೆ. ಮೂರನ್ನೂ ಜೋಡಿಸುವುದು ಕೆಲಸಗಾರನ ಟೋಕನ್ ನಂಬರು. ಜಿಐಎಸ್‌ನಲ್ಲಿ ಮಣ್ಣಿನ ಪುಸ್ತಕ, ನೀರಿನ ಪುಸ್ತಕ, ಇಳಿಜಾರಿನ ಪುಸ್ತಕ, ಬೆಳೆಯ ಪುಸ್ತಕ ಹೀಗೆ ಹಲವು. ಇಲ್ಲಿ ಜಾಗವೇ ಟೋಕನ್ ನಂಬರು. ಅಕ್ಷಾಂಶ ರೇಖಾಂಶ ಹೇಳಿದರೆ ಎಲ್ಲ ಪುಸ್ತಕಗಳೂ ಆ ಜಾಗದ ಪುಟವನ್ನು ಒಟ್ಟಿಗೆ ತೆರೆದು ತೋರಿಸುತ್ತವೆ. ಇದನ್ನು ಮೊದಲು ಕಟ್ಟಿದ್ದೂ ಭೂಮಿಯ ಕೆಲಸಕ್ಕೇ. 1960ರ ದಶಕದಲ್ಲಿ ಕೆನಡಾ ಸರ್ಕಾರ ತನ್ನ ನೆಲ ಯಾವ ಯಾವ ಕೆಲಸಕ್ಕೆ ತಕ್ಕುದೆಂದು ಗೊತ್ತುಮಾಡಲು ಹೊರಟಾಗ, ಅಷ್ಟು ನಕಾಶೆಗಳನ್ನು ಕೈಯಿಂದ ಒಂದರ ಮೇಲೊಂದು ಇಟ್ಟು ನೋಡುವುದು ಆಗದ ಮಾತೆಂದು ಕಂಡು, ರೋಜರ್ ಟಾಮ್ಲಿನ್‌ಸನ್ ಎಂಬವರು ಆ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದರು.

ಈಗ ನನಗೆ ಬಹಳ ಸಂತೋಷ ಕೊಟ್ಟ ಒಂದು ಲೆಕ್ಕ ಹೇಳುತ್ತೇನೆ. ಉಪಗ್ರಹದ ಚಿತ್ರ ಚುಕ್ಕೆಗಳಿಂದ ಆದದ್ದು. ಒಂದು ಚುಕ್ಕೆಯೊಳಗೆ ಏನೇ ಇರಲಿ, ಎಲ್ಲಕ್ಕೂ ಸರಾಸರಿ ಒಂದೇ ಬಣ್ಣ. 1988ರ ಮಾರ್ಚಿಯಲ್ಲಿ ಮೇಲೇರಿದ ನಮ್ಮ ದೇಶದ ಐಆರ್‌ಎಸ್-1ಎ ಉಪಗ್ರಹದ ಒಂದು ಕ್ಯಾಮರಾದ ಚುಕ್ಕೆ ಸುಮಾರು 72 ಮೀಟರು ಚೌಕ, ಅಂದರೆ 1 ಎಕರೆ 12 ಗುಂಟೆಯ ಆಸುಪಾಸು. ನಮ್ಮ ಇಡೀ ಹೊಲ ಅದಕ್ಕೆ ಎರಡು ಚುಕ್ಕೆ! ಜಿಲ್ಲೆಯ ಬೆಳೆ ಎಣಿಸುವುದಕ್ಕೆ ಅದು ಸಾಕು, ನನ್ನ ಅಣ್ಣನಿಗೆ ಸಾಲದು. 2015ರಿಂದ ಯುರೋಪಿನವರ ಸೆಂಟಿನೆಲ್-2 ಉಪಗ್ರಹಗಳು ಸುತ್ತುತ್ತಿವೆ. ಅವುಗಳ ಚುಕ್ಕೆ 10 ಮೀಟರು ಚೌಕ. ಎರಡು ಉಪಗ್ರಹ ಸೇರಿ ಐದು ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬರುತ್ತವೆ. ಚಿತ್ರ ಪುಕ್ಕಟೆ, ಯಾರು ಬೇಕಾದರೂ ನೋಡಬಹುದು.

ಹತ್ತು ಮೀಟರೆಂದರೆ ಎಷ್ಟು? ನಮ್ಮ ಕಡೆಯ ಹಳೆಯ ಮೋಜಣಿದಾರರು ಹೊಲ ಅಳೆಯುತ್ತಿದ್ದುದು 33 ಅಡಿಯ ಸರಪಳಿಯಿಂದ; ಅದರಲ್ಲಿ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲ ಇದ್ದರೆ ಒಂದು ಗುಂಟೆ. 33 ಅಡಿಯನ್ನು ಮೀಟರಿಗೆ ತಿರುಗಿಸಿ ನೋಡಿರಿ: 10 ಮೀಟರಿನ ಮೇಲೆ ಆರು ಸೆಂಟಿಮೀಟರು. ಅಂದರೆ ಆ ಉಪಗ್ರಹದ ಒಂದು ಚುಕ್ಕೆ ಹೆಚ್ಚುಕಡಿಮೆ ನಮ್ಮ ಒಂದು ಗುಂಟೆ! ನಮ್ಮ ಹೊಲಕ್ಕೆ ಸುಮಾರು 110 ಚುಕ್ಕೆ. ಈ ಊರಿನ ತಮಿಳು ಬಂಧುಗಳು ಸೆಂಟಿನ ಲೆಕ್ಕದಲ್ಲಿ ನೆಲ ಅಳೆಯುತ್ತಾರೆ; ಅವರಿಗೆ ಚುಕ್ಕೆಯೊಂದಕ್ಕೆ ಎರಡೂವರೆ ಸೆಂಟು. ಲೆಕ್ಕ ನಮಗೇ ಚೆನ್ನಾಗಿ ಕೂಡಿಬಂದಿದೆ! ಬದುವಿನ ಮೇಲೆ ಬಿದ್ದ ಚುಕ್ಕೆಯಲ್ಲಿ ಮಾತ್ರ ಪಕ್ಕದವರ ಬೆಳೆಯೂ ಬೆರೆತಿರುತ್ತದೆ, ಅವನ್ನು ಬಿಟ್ಟು ಓದಬೇಕು.

ಚುಕ್ಕೆಯ ಬಣ್ಣದಿಂದ ಬೆಳೆಯ ಹಾಲತ್ತು ತಿಳಿಯುವುದು ಹೇಗೆ? ಹಸಿರು ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಕೆಂಪಿನಾಚೆಯ, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹಿಂದಕ್ಕೆ ಚೆಲ್ಲುತ್ತದೆ. ಎಲೆ ದಟ್ಟವಾಗಿ ಆರೋಗ್ಯವಾಗಿದ್ದಷ್ಟೂ ಇವೆರಡರ ಅಂತರ ಹೆಚ್ಚು. ಆ ಅಂತರವನ್ನು ಅಂಕಿಯಾಗಿಸಿ ಬಣ್ಣ ಬಳಿಯುತ್ತಾರೆ.

ಹೋದ ವರ್ಷ ಆಗಸ್ಟಿನಲ್ಲಿ, ಕಂಪ್ಯೂಟರು ಬಲ್ಲ ನಮ್ಮ ಸದಸ್ಯರೊಬ್ಬರ ಸಹಾಯದಿಂದ, ಇದೇ ಮೇಜಿನ ಬಳಿ ಕುಳಿತು ನಮ್ಮ ಹೊಲದ ಚಿತ್ರ ನೋಡಿದೆ. ಮೋಡ ಸರಿದಿದ್ದ ಒಂದು ದಿನದ ಚಿತ್ರ. ಮೇಲಿನ ತುಂಡು ಅಚ್ಚಹಸಿರು! ಹಿಗ್ಗಿನಿಂದ ಅಣ್ಣನಿಗೆ ಫೋನು ಮಾಡಿ, “ಈ ಸಲ ಮಸಾರಿ ತುಂಡು ಭಾಳ ಚಲೋ ಬಂದೈತಿ” ಎಂದೆ. ಅವನು ನಕ್ಕ. “ಅದು ಬೆಳಿ ಅಲ್ಲೋ ತಮ್ಮಾ, ಕಸ! ಮಳಿ ಬಿಡವಲ್ದು, ಎಡಿ ಹೊಡಿಯಾಕ ಆಗಿಲ್ಲ” ಎಂದ. ಉಪಗ್ರಹಕ್ಕೆ ಹತ್ತಿಯ ಎಲೆಯೂ ಹಸಿರೇ, ಕರಿಕೆ ಜೇಕೂ ಹಸಿರೇ. ಅದೇ ರೀತಿ ಹಳದಿ ಕಂಡರೆ ನೀರು ಕಡಿಮೆಯೋ, ನೀರು ನಿಂತಿದೆಯೋ, ಹುಳುವೋ, ಸತ್ವದ ಕೊರತೆಯೋ ಅದು ಹೇಳದು. ಇಲ್ಲಿ ಹೋಗಿ ನೋಡು ಎಂದು ಬೆರಳು ತೋರಿಸುತ್ತದೆ ಅಷ್ಟೆ, ಹೋಗಿ ನೋಡುವ ಕಾಲು ಬೇಕೇ ಬೇಕು. ಮೇಲಾಗಿ ಬೆಳೆ ನಿಂತಿರುವ ಮುಂಗಾರಿನ ತಿಂಗಳುಗಳಲ್ಲಿ ಆಕಾಶವೆಲ್ಲ ಮೋಡ, ವಾರಗಟ್ಟಲೆ ಚಿತ್ರವೇ ಇರುವುದಿಲ್ಲ. ಮೋಡದೊಳಗಿಂದ ನೋಡಬಲ್ಲ ರೇಡಾರ್ ಉಪಗ್ರಹಗಳೂ ಇವೆ. 2022ರಲ್ಲಿ ನಮ್ಮ ಇಸ್ರೋ ಹಾರಿಸಿದ ಇಒಎಸ್-04 ಅಂಥದು. ಅದರ ಚಿತ್ರ ಓದುವುದು ನಮ್ಮಂಥವರಿಗೆ ನಿಲುಕುವ ಕೆಲಸವಲ್ಲ.

ಫೋನಿನ ಮೇಲೂ ಪೂರ್ತಿ ಭರವಸೆ ಇಡಬೇಡಿರಿ. ನಿಂತ ಜಾಗದ ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್ ತಮ್ಮಲ್ಲಿ ಹಲವರ ಫೋನಿನಲ್ಲಿ ಇರಬಹುದು. ಊರಿಗೆ ಹೋದಾಗ ನಾನು ಬದುವಿನ ಹುಣಸೆಮರದ ನೆರಳಲ್ಲಿ ನಿಂತು ನೋಡಿದೆ. ಪಕ್ಕದವರ ನಂಬರು ಬಂತು, ಎದೆ ಧಸಕ್ಕೆಂದಿತು! ಬಯಲಿನಲ್ಲೇ ಫೋನು ಐದು ಮೀಟರಿನಷ್ಟು ಆಚೆ ಈಚೆ ಹೇಳುವುದುಂಟು, ಮರದಡಿ ಇನ್ನೂ ಹೆಚ್ಚು. ಹೊಲದ ನಡುವೆ ಹೋಗಿ ನಿಂತೆ, ಸರಿಯಾಯಿತು. ಬೆಳೆ ಸಮೀಕ್ಷೆಯ ಫೋಟೋ ತೆಗೆಯುವಾಗಲೂ ಹೊಲದ ನಡುವೆ ನಿಲ್ಲಬೇಕೆಂದು ಮನೆಯವರಿಗೆ ತಿಳಿಸಿರಿ. ಹತ್ತಿಯ ಜಾಗದಲ್ಲಿ ಪಕ್ಕದವರ ಗೋವಿನಜೋಳ ದಾಖಲಾದರೆ, ವಿಮೆಯ ಹೊತ್ತಿಗೆ ಅಲೆದಾಟ ನಮ್ಮದು.

ಹಾಗಾದರೆ ಬಡವನ ಹೊಲಕ್ಕೆ ಇದರಿಂದ ಏನು ಪ್ರಯೋಜನ? ಇದೇ ಊರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದವರು 2004-05ರಿಂದ ಮೂರು ವರ್ಷ, ನಮ್ಮ ಗಡಿಗೆ ತಾಗಿದ ಧರ್ಮಪುರಿ, ಕೃಷ್ಣಗಿರಿ ಸೀಮೆಯಲ್ಲಿ 400 ಹೆಕ್ಟೇರಿನ ಒಂದು ನಿಖರ ಬೇಸಾಯದ ಯೋಜನೆ ನಡೆಸಿದರು. ಅದರ ಜೀವಾಳ ಹನಿ ನೀರಾವರಿ. ಗೊಬ್ಬರವನ್ನು ನೀರಿನಲ್ಲಿ ಕರಗಿಸಿ, ಕೊಳವೆಯಲ್ಲಿ ಬೇರಿನ ಬುಡಕ್ಕೇ ಮುಟ್ಟಿಸುವುದು. ರೈತರು ಸಂಘ ಕಟ್ಟಿಕೊಂಡು ಮಾಲು ಮಾರುವುದು. ಭತ್ತ ಬೆಳೆಯುವ ಕರಾವಳಿಯ, ತುಂಗಭದ್ರೆಯ ಕಡೆಯ ಬಂಧುಗಳಿಗೆ ಇನ್ನೂ ಅಗ್ಗದ ಉಪಾಯವಿದೆ: ಎಲೆಬಣ್ಣದ ಪಟ್ಟಿ. ತಿಳಿಹಸಿರಿನಿಂದ ಕಡುಹಸಿರಿನವರೆಗೆ ಬಣ್ಣದ ಮನೆಗಳಿರುವ ಒಂದು ಪ್ಲಾಸ್ಟಿಕ್ ತುಂಡು. ಎಲೆಯನ್ನು ಅದರ ಮೇಲಿಟ್ಟು ನೋಡಿ, ಗೊತ್ತಾದ ಮನೆಗಿಂತ ತಿಳಿಯಾಗಿದ್ದರೆ ಮಾತ್ರ ಯೂರಿಯಾ. ಉಪಗ್ರಹವೂ ಬೇಡ, ಕರೆಂಟೂ ಬೇಡ. ನನ್ನ ಮಟ್ಟಿಗೆ ಇದೂ ನಿಖರ ಬೇಸಾಯವೇ. ಡ್ರೋನು ಹಾರಿಸಿ ಇಡೀ ಹೊಲಕ್ಕೆ ಒಂದೇ ಸಮ ಔಷಧ ಹೊಡೆಯುವುದನ್ನು ಆ ಹೆಸರಿನಿಂದ ಕರೆಯಲು ನನಗೆ ಮನಸ್ಸಿಲ್ಲ.

ಎಲ್ಲಕ್ಕೂ ಬುಡ ಮಣ್ಣಿನ ಪರೀಕ್ಷೆ. 2009ರಲ್ಲಿ ನಮ್ಮ ರಾಜ್ಯ ಸರ್ಕಾರ, ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯೊಡನೆ ಭೂಚೇತನ ಯೋಜನೆ ಹಿಡಿದಾಗ, ಮಳೆಯಾಶ್ರಿತ ಹೊಲಗಳಲ್ಲಿ ಗಂಧಕ, ಸತುವು, ಬೋರಾನ್ ಕೊರತೆ ಬಹಳ ಕಡೆ ಕಂಡುಬಂತು. ಸತುವು ಇಲ್ಲದ ನೆಲಕ್ಕೆ ಯೂರಿಯಾ ಸುರಿದರೆ ಸತುವು ಬರುವುದೇ? 2015ರಲ್ಲಿ ಕೇಂದ್ರ ಸರ್ಕಾರದ ಮಣ್ಣು ಆರೋಗ್ಯ ಚೀಟಿ ಬಂತು, ಹನ್ನೆರಡು ಅಂಶಗಳ ಪರೀಕ್ಷೆ. ಒಳ್ಳೆಯ ಕೆಲಸವೇ. ಆದರೆ ಆಗ ಇಟ್ಟುಕೊಂಡ ಕ್ರಮದಲ್ಲಿ ಮಳೆಯಾಶ್ರಿತ ಭೂಮಿಯ 10 ಹೆಕ್ಟೇರಿಗೆ ಒಂದು ಮಾದರಿ. ಅಂದರೆ ಸುಮಾರು 25 ಎಕರೆಗೆ ಒಂದೇ ಹಿಡಿ ಮಣ್ಣು. ನಮ್ಮ ಮಸಾರಿಯ ಗುಣ ಅದರಲ್ಲಿ ಬರಬೇಕೆಂದರೆ ದೈವ ಒಲಿಯಬೇಕು.

ಆದ್ದರಿಂದ ಈ ಏಪ್ರಿಲಿನಲ್ಲಿ ರಜೆ ಹಾಕಿ ಹೋಗಿ ನಾವೇ ಮಣ್ಣು ತೆಗೆದೆವು. ಊರಿಗೆ ಹೋಗುವವರು ಮಾಡಬಹುದಾದ ಕೆಲಸವಾದ್ದರಿಂದ ಕ್ರಮ ಹೇಳುತ್ತೇನೆ. ಎರೆ ತುಂಡಿನದು ಬೇರೆ, ಮಸಾರಿಯದು ಬೇರೆ. ಬೆರೆಸಿದರೆ ಕೆಲಸ ಕೆಟ್ಟಿತು. ಒಂದೊಂದು ತುಂಡಿನಲ್ಲೂ ಅಡ್ಡಾದಿಡ್ಡಿ ನಡೆದು ಹತ್ತು ಹನ್ನೆರಡು ಕಡೆ, ಆರರಿಂದ ಒಂಬತ್ತು ಇಂಚು ಆಳಕ್ಕೆ, ಇಂಗ್ಲಿಷಿನ ವಿ ಅಕ್ಷರದಂತೆ ಗುಂಡಿ ತೋಡಿ, ಅದರ ಪಕ್ಕದಿಂದ ಮೇಲಿಂದ ಕೆಳಗಿನವರೆಗೆ ಒಂದು ಪದರ ಮಣ್ಣು ಕೆರೆದುಕೊಳ್ಳಬೇಕು. ಬದು, ಮರದಡಿ, ತಿಪ್ಪೆ ಇದ್ದ ಜಾಗ ಬೇಡ. ಎಲ್ಲವನ್ನೂ ಕಲಸಿ, ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಚೆಲ್ಲಬೇಕು. ಅರ್ಧ ಕಿಲೋ ಉಳಿಯುವವರೆಗೆ ಹೀಗೆ ಮಾಡಿ, ನೆರಳಲ್ಲಿ ಒಣಗಿಸಿ ಬಟ್ಟೆಯ ಚೀಲಕ್ಕೆ ತುಂಬಬೇಕು. ಚೀಟಿಯನ್ನು ಪೆನ್ಸಿಲಿನಿಂದ ಬರೆಯಿರಿ, ಶಾಯಿ ಅಳಿಸಿಹೋಗುತ್ತದೆ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಕೆಳಗಿನ ಎರೆಯಲ್ಲಿ ರಂಜಕ ಬೇಕಾದುದಕ್ಕಿಂತ ಹೆಚ್ಚೇ ಇದೆ. ವರ್ಷ ವರ್ಷ ಹಾಕಿದ ಡಿಎಪಿ ಅಲ್ಲೇ ಕೂಡಿಬಿದ್ದಿದೆ. ಮೇಲಿನ ಮಸಾರಿಯಲ್ಲಿ ಸಾವಯವ ಇಂಗಾಲವೂ ಕಡಿಮೆ, ಸತುವೂ ಕಡಿಮೆ. ನಾನು ಇಲ್ಲಿಂದ ಕಳಿಸಿದ ಪಗಾರ ಇಷ್ಟು ವರ್ಷ ಬೇಡದ ಕಡೆ ಮಣ್ಣುಪಾಲಾಗುತ್ತಿತ್ತು. ಎರೆ ತುಂಡಿಗೆ ಡಿಎಪಿ ಅರ್ಧ ಮಾಡೋಣ, ಆ ಹಣದಲ್ಲಿ ಮಸಾರಿಗೆ ತಿಪ್ಪೆಗೊಬ್ಬರ, ಎಕರೆಗೆ 10 ಕಿಲೋ ಸತುವಿನ ಸಲ್ಫೇಟು ಹಾಕೋಣ ಎಂದೆ. ಅಣ್ಣ ಬಹಳ ಹೊತ್ತು ಸುಮ್ಮನಿದ್ದ. “ಕಡಿಮಿ ಹಾಕಿ ಬೆಳಿ ಕೆಟ್ರ ವರ್ಷಾನ ಗಂಜಿ ಯಾರು ಕೊಡ್ತಾರ?” ಅಂದ. ಅವನ ಮಾತು ತಪ್ಪಲ್ಲ. ಕಾಗದ ಓದುವವನು ನಾನು, ಹೊಲದಲ್ಲಿ ನಿಲ್ಲುವವನು ಅವನು. ಎರೆ ತುಂಡಿನಲ್ಲಿ ಇಳುವರಿ ಇಳಿದರೆ ಈ ದೀಪಾವಳಿಯ ಬೋನಸ್ಸಿನಿಂದ ನಾನು ತುಂಬಿಕೊಡುತ್ತೇನೆಂದು ಮಾತು ಕೊಟ್ಟೆ. ಆಮೇಲೆ ಒಪ್ಪಿದ.

ಅವನಲ್ಲಿ ಇನ್ನೊಂದು ಬೇಡಿಕೊಂಡಿದ್ದೇನೆ: ಎರಡು ತುಂಡಿನ ಹತ್ತಿಯನ್ನು ಬೇರೆ ಬೇರೆ ಚೀಲಕ್ಕೆ ತುಂಬಿ, ಬೇರೆ ಬೇರೆ ತೂಗಬೇಕು. ಮಸಾರಿಯ ಚೀಲಕ್ಕೆ ಕೆಂಪು ದಾರ, ಎರೆಯ ಚೀಲಕ್ಕೆ ಬಿಳಿ ದಾರ. ದಾರದ ಉಂಡೆಯನ್ನು ಗಿರಣಿಯಿಂದಲೇ ಕೊಂಡು ಕಳಿಸಿದ್ದೇನೆ. ಹತ್ತಿ ಬಿಡಿಸುವುದು ಇನ್ನೂ ಮುಂದಿದೆ. ತೂಕದ ಚೀಟಿ ಬಂದ ಮೇಲೆ, ಲಾಭವಾಗಲಿ ನಷ್ಟವಾಗಲಿ, ಇದೇ ಫಲಕಕ್ಕೆ ಅಂಟಿಸುತ್ತೇನೆ. ಮಣ್ಣು ತೆಗೆಯುವ ಕ್ರಮವನ್ನು ಬರೆದ ಹಾಳೆಗಳು ಪತ್ರಿಕೆಯ ಮೇಜಿನ ಮೇಲಿವೆ. ಊರಿಗೆ ಹೋಗುವವರು ಒಂದೊಂದು ತೆಗೆದುಕೊಳ್ಳಬೇಕೆಂದು ಕೋರುತ್ತೇನೆ.