ಬಿಸಿಲು, ಗಾಳಿ ಗುತ್ತಿಗೆ ಕೊಡುವ ಮುಂಚೆ

(ದೇವದುರ್ಗ ತಾಲ್ಲೂಕಿನ ಗೂಗಲ್‌ನಲ್ಲಿ ರೈತರ ಮುಂದೆ ಆಡಿದ ಮಾತು)



ಇವತ್ತು ನಾನು ಮಾತಾಡಬೇಕೆಂದಿರುವುದು ಬೆಂಬಲ ಬೆಲೆಯ ಬಗ್ಗೆ ಅಲ್ಲ, ಸಾಲಮನ್ನಾದ ಬಗ್ಗೆಯೂ ಅಲ್ಲ. ಆದರೆ ಅವೆರಡಕ್ಕೂ ಗಂಟು ಬಿದ್ದಿರುವ ಒಂದು ಮಾತು. ಬೆಳೆಗೆ ಬೆಲೆ ಸಿಗದೆ, ಸೊಸೈಟಿ ಸಾಲ, ಬ್ಯಾಂಕಿನ ಸಾಲ ತೀರದೆ ಕೂತ ರೈತನ ಮನೆ ಮುಂದೆ ಈಗ ಹೊಸ ಗಾಡಿ ಬಂದು ನಿಲ್ಲುತ್ತಿದೆ. ಇಳಿದು ಬಂದವರು ಬೀಜ, ಗೊಬ್ಬರ ಮಾರುವವರಲ್ಲ. "ನಿಮ್ಮ ಹೊಲದಾಗ ಬೀಳೋ ಬಿಸಿಲು ಕೊಡ್ರಿ, ಬೀಸೋ ಗಾಳಿ ಕೊಡ್ರಿ, ವರ್ಷಾ ರೊಕ್ಕ ಎಣಿಸಿ ಕೊಡ್ತೀವಿ" ಅನ್ನುವವರು.

ಬಿಸಿಲು, ಗಾಳಿಯ ಕರೆಂಟು ಬೇಡ ಎಂದು ನಾನು ಹೇಳುವುದಿಲ್ಲ. ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1985ರಲ್ಲಿ ಕಲ್ಲಿದ್ದಲಿನ ಮೊದಲ ಘಟಕ ಶುರುವಾಯಿತು. ಕೃಷ್ಣೆಯ ನೀರು ಕುಡಿದು, ಬೂದಿ ಉಗುಳಿ, ಊರೂರಿಗೆ ಬೆಳಕು ಕೊಟ್ಟಿತು. ಆ ಬೂದಿಯ ಕಥೆಯನ್ನು ರಾಯಚೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕರೆಂಟು ಕೊಡುವುದು ರಾತ್ರಿ ಹೊತ್ತು, ನಾವು ಹಾವು ಚೇಳಿನ ನಡುವೆ ನೀರು ಕಟ್ಟುವುದೂ ರಾತ್ರಿ ಹೊತ್ತು. ಬಿಸಿಲಿನ ಕರೆಂಟು ಬಂದರೆ ಹಗಲು ಹೊತ್ತಿನಲ್ಲಿ ಪಂಪ್‌ಸೆಟ್ ಓಡೀತು. ಅದು ಬರಲಿ. ಆದರೆ ಎಲ್ಲಿ ಬರಬೇಕು, ಯಾವ ಷರತ್ತಿನ ಮೇಲೆ ಬರಬೇಕು? ಇದನ್ನು ಕೇಳುವ ಹಕ್ಕು ಸಹಿ ಹಾಕುವವನಿಗೆ ಐತಿ. ಸಹಿ ಹಾಕಿದ ಮೇಲೆ ಇಲ್ಲ.

ದಲ್ಲಾಳಿ ಬಂದವನು ಮೊದಲು ಹೇಳುವ ಮಾತು ಒಂದೇ: "ಇದು ಬೀಳು ಭೂಮಿ, ಏನೂ ಇಲ್ಲ ಇಲ್ಲಿ." ಇದನ್ನು ನಾನು ಒಪ್ಪುವುದಿಲ್ಲ. ಕಂಪನಿಯ ನಕಾಶೆಯಲ್ಲಿ ಏನೂ ಇಲ್ಲದ ಜಾಗದಲ್ಲಿ ಚಿಗರಿ ಮೇಯುತ್ತದೆ, ಗುಳ್ಳೆನರಿ ಮರಿ ಹಾಕುತ್ತದೆ, ನಮ್ಮ ಕುರಿ ಮೇಯುತ್ತವೆ. ಚಳಿಗಾಲ ಬಂತೆಂದರೆ ಮಧ್ಯ ಏಷ್ಯಾದಿಂದ ಉದ್ದ ರೆಕ್ಕೆಯ ಗಿಡುಗಗಳು ಬಂದು ನಮ್ಮ ಎರಿ ಹೊಲದ ಮೇಲೆ ತೇಲುತ್ತಾ ಮಿಡತೆ, ಇಲಿ ಹಿಡಿದು ತಿನ್ನುತ್ತವೆ. ರಾತ್ರಿ ಗೂಬೆ ಇಲಿ ಹಿಡಿಯುತ್ತದೆ. ಸಣ್ಣ ಬಾವಲಿ ಹತ್ತಿ ಹೊಲದ ಪತಂಗ ಹಿಡಿಯುತ್ತದೆ. ಇವಕ್ಕೆ ನಾವು ಕೂಲಿ ಕೊಟ್ಟಿಲ್ಲ, ಅದಕ್ಕೇ ಲೆಕ್ಕ ಇಟ್ಟಿಲ್ಲ.

ಲೆಕ್ಕ ಇಟ್ಟವರು ಇದ್ದಾರೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಸುಮಾರು 10,000 ಎಕರೆ ಹತ್ತಿ ಬೆಳೆಯುವ ಒಂದು ಪ್ರದೇಶದಲ್ಲಿ ಬಾವಲಿಗಳು ಕಾಯಿಕೊರಕದ ಪತಂಗ ತಿಂದು ರೈತರಿಗೆ ಎಷ್ಟು ಉಳಿಸುತ್ತವೆ ಎಂದು ವಿಜ್ಞಾನಿಗಳು ಎಣಿಸಿ 2006ರಲ್ಲಿ ಪ್ರಕಟಿಸಿದರು. ವರ್ಷಕ್ಕೆ ಸುಮಾರು 7 ಲಕ್ಷ 40 ಸಾವಿರ ಡಾಲರ್! ಉಳಿದ ಬೆಳೆ ಎಷ್ಟು, ಹೊಡೆಯದೆ ಉಳಿದ ಔಷಧಿ ಎಷ್ಟು, ಎರಡೂ ಸೇರಿದ ಲೆಕ್ಕ ಅದು. ನಮ್ಮ ರಾಯಚೂರು ಜಿಲ್ಲೆಯೂ ಹತ್ತಿಯ ಜಿಲ್ಲೆ. ಔಷಧಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಯಾರ ಹೆಸರು ಇಲ್ಲ ಹೇಳಿರಿ ನೋಡೋಣ.

ಈಗ ಗಾಳಿಯಂತ್ರ ಏನು ಮಾಡುತ್ತದೆ ನೋಡಿ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಚಾಳಕೇವಾಡಿ ಗುಡ್ಡದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಭ್ಯಾಸ ಮಾಡಿ 2018ರಲ್ಲಿ ಬರೆದರು: ಯಂತ್ರ ಇಲ್ಲದ ಜಾಗಕ್ಕೆ ಹೋಲಿಸಿದರೆ ಯಂತ್ರ ಇರುವ ಜಾಗದಲ್ಲಿ ಬೇಟೆಯಾಡುವ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ. ಅವು ತಿನ್ನುತ್ತಿದ್ದ ಓತಿಕ್ಯಾತಗಳು ಅಲ್ಲಿ ಹೆಚ್ಚಿದವು. ನಮ್ಮ ಹೊಲದ ಮೇಲಿಂದ ಗಿಡುಗ ದೂರವಾದರೆ ಇಲಿಗೆ ಯಾರ ಹೆದರಿಕೆ?

ನಮಗೆ ಹತ್ತಿರದ ಹರಪನಹಳ್ಳಿಯ ಗಾಳಿಯಂತ್ರಗಳ ಕೆಳಗೂ ಹುಡುಕಿದ್ದಾರೆ. ಒಂದು ವರ್ಷದಲ್ಲಿ ಸಿಕ್ಕಿದ್ದು ಏಳು ಹಕ್ಕಿಯ ಹೆಣ. "ಏಳೇ?" ಅಂತ ನಗಬೇಡಿ. ನಾಯಿ ನರಿ ಎಳೆದೊಯ್ದದ್ದು ಲೆಕ್ಕಕ್ಕೆ ಸಿಗುವುದಿಲ್ಲ. ಹದ್ದು, ಗಿಡುಗ ಕೋಳಿಯ ಹಾಗೆ ವರ್ಷಪೂರ್ತಿ ಮೊಟ್ಟೆ ಇಡುವ ಜಾತಿಯೂ ಅಲ್ಲ. ವರ್ಷಕ್ಕೆ ಒಂದೆರಡು ಮರಿ ಬೆಳೆಸಿದರೆ ದೊಡ್ಡದು. ಒಂದು ಹೋದರೆ ಆ ಜಾಗ ತುಂಬಲು ವರ್ಷಗಳು ಬೇಕು.

ಯಂತ್ರದಷ್ಟೇ ಕೆಟ್ಟದ್ದು ತಂತಿ. ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ಸಿರುಗುಪ್ಪ ತಾಲ್ಲೂಕು. ಅಲ್ಲಿಯ ಎರಿ ಹೊಲಗಳಲ್ಲಿ ಎರೆಭೂತ ಎಂಬ ದೊಡ್ಡ ಹಕ್ಕಿ ಬೆರಳೆಣಿಕೆಯಷ್ಟು ಕಂಡಿವೆ. ಹೆಸರಿನಲ್ಲೇ ಎರಿ ಭೂಮಿ ಇದೆ. ಗಂಡುಹಕ್ಕಿ ಹದಿನೈದು ಕಿಲೋ ತನಕ ತೂಗುತ್ತದೆ. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ನೇರ ಮುಂದಿನದು ಅದಕ್ಕೆ ಸರಿಯಾಗಿ ಕಾಣಿಸದು. ತಂತಿ ಕಂಡಾಗ ಭಾರದ ಮೈ ತಿರುಗಿಸಲು ಹೊತ್ತು ಸಾಲದು. ದೇಶದಲ್ಲಿ ಹೆಚ್ಚೆಂದರೆ ನೂರೈವತ್ತರ ಒಳಗೆ ಉಳಿದಿರುವ ಹಕ್ಕಿ ಇದು. ರಾಜಸ್ಥಾನದ ಥಾರ್‌ನಲ್ಲಿ 4,200 ಚದರ ಕಿಲೋಮೀಟರ್ ಪ್ರದೇಶದಲ್ಲಿ ವರ್ಷಕ್ಕೆ ಸುಮಾರು 84,000 ಹಕ್ಕಿಗಳು ವಿದ್ಯುತ್ ತಂತಿಗೆ ಬಡಿದು ಸಾಯುತ್ತವೆ ಎಂದು ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜು ಮಾಡಿದೆ.

ಇದಕ್ಕಾಗಿ 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ರಾಜಸ್ಥಾನ, ಗುಜರಾತಿನ ಆ ಹಕ್ಕಿಯ ನೆಲೆಗಳಲ್ಲಿ ತಂತಿಯನ್ನು ನೆಲದೊಳಗೆ ಹಾಕಿರಿ ಎಂದು ಆದೇಶ ಮಾಡಿತು. ಸರ್ಕಾರ "ಖರ್ಚು ಬಹಳ, ಎಲ್ಲಾ ಕಡೆ ಆಗದು" ಎಂದು ಮತ್ತೆ ಕೋರ್ಟಿಗೆ ಹೋಯಿತು. 2024ರ ಮಾರ್ಚಿನಲ್ಲಿ ಕೋರ್ಟು ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಇದರಿಂದ ನಾವು ಕಲಿಯಬೇಕಾದದ್ದು ಇಷ್ಟೇ: ಕಂಬ ನೆಟ್ಟು ತಂತಿ ಎಳೆದ ಮೇಲೆ ದೇಶದ ದೊಡ್ಡ ಕೋರ್ಟಿಗೂ ಅದನ್ನು ಬದಲಿಸುವುದು ಕಷ್ಟ. ಗೂಗಲ್‌ನ ರೈತನ ಕೈಲಿ ಆಗುತ್ತದೆಯೇ? ನೆಡುವ ಮುಂಚೆಯೇ ಹೇಳಬೇಕು.

ಮೂರನೆಯದು ಬೇಲಿ. ಸೋಲಾರ್ ಫಲಕದ ಸುತ್ತ ನೂರಾರು ಎಕರೆಗೆ ಒಂದೇ ಬೇಲಿ ಬಿಗಿದರೆ ಒಳಗಿದ್ದ ಚಿಗರಿ ಎಲ್ಲಿಗೆ ಹೋಗಬೇಕು? ಪಕ್ಕದ ತೊಗರಿ, ಕಡಲೆ ಹೊಲಕ್ಕೆ. ಯಲಬುರ್ಗಾ, ಕುಕನೂರು ಕಡೆಯ ರೈತರನ್ನು ಕೇಳಿರಿ, ಚಿಗರಿ ಹಿಂಡು ಮೇಯ್ದ ಹೊಲ ಹೇಗಿರುತ್ತದೆಂದು. ಗುತ್ತಿಗೆ ಹಣ ಒಬ್ಬನಿಗೆ, ಬೆಳೆ ನಷ್ಟ ಪಕ್ಕದವನಿಗೆ! ಕಾಡುಪ್ರಾಣಿಯ ಮಾತು ಅರಣ್ಯ ಇಲಾಖೆಯ ಮಾತು ಎಂದು ಸುಮ್ಮನಿರುವವರಿಗೆ ಇದನ್ನು ಹೇಳುತ್ತಿದ್ದೇನೆ.

"ಸರ್ಕಾರ ನೋಡಿಕೊಳ್ಳುತ್ತದೆ" ಎನ್ನುವವರಿಗೂ ಒಂದು ಮಾತು. ಪರಿಸರದ ಮೇಲಿನ ಪರಿಣಾಮ ನೋಡಿ ಅನುಮತಿ ಕೊಡುವ 2006ರ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿಯಂತ್ರವೂ ಇಲ್ಲ, ಸೋಲಾರ್ ಫಲಕವೂ ಇಲ್ಲ. ಕಲ್ಲಿದ್ದಲಿನ ಸ್ಥಾವರಕ್ಕೆ ಜನರನ್ನು ಕರೆದು ಅಹವಾಲು ಕೇಳಬೇಕು. ಇವಕ್ಕೆ ಆ ಸಭೆಯೂ ಬೇಕಿಲ್ಲ. ಅಂದಮೇಲೆ ಕಂಪನಿ ನಮ್ಮನ್ನು ಕೇಳಲೇಬೇಕಾದ ಜಾಗ ಒಂದೇ ಉಳಿಯಿತು: ಕರಾರು ಪತ್ರ. ಅಲ್ಲಿ ನಮ್ಮ ಹೆಬ್ಬೆಟ್ಟು ಬೀಳದೆ ಫಲಕ ಏಳುವುದಿಲ್ಲ.

ಕರಾರು ಎಂದರೆ ಪಾವಗಡ ನೆನಪಾಗುತ್ತದೆ. ತಿರುಮಣಿ, ವಳ್ಳೂರು ಮೊದಲಾಗಿ ಐದು ಊರು, ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. 2018ರ ಮಾರ್ಚಿನಲ್ಲಿ ಉದ್ಘಾಟನೆ ಆಯಿತು. ಒಳ್ಳೆಯದು ಏನೆಂದರೆ ಜಮೀನು ಕೊಳ್ಳಲಿಲ್ಲ, ಗುತ್ತಿಗೆ ಪಡೆದರು. ಪಹಣಿಯಲ್ಲಿ ರೈತನ ಹೆಸರು ಉಳಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ, 28 ವರ್ಷದ ಕರಾರು. ಪೆನ್ನು ಹಿಡಿದು ಲೆಕ್ಕ ಹಾಕಿರಿ: ಕೊನೆಯ ವರ್ಷಕ್ಕೆ ಅದು ಸುಮಾರು 39,600 ರೂಪಾಯಿ. 28 ವರ್ಷದಲ್ಲಿ ಎರಡು ಪಟ್ಟೂ ಆಗಲಿಲ್ಲ! 28 ವರ್ಷದ ಹಿಂದೆ ಆಳಿನ ಕೂಲಿ ಎಷ್ಟಿತ್ತು, ಈಗ ಎಷ್ಟು? ಇನ್ನು ಜಮೀನಿಲ್ಲದ ಕೂಲಿಯವನಿಗೆ, ಕುರಿ ಮೇಯಿಸುವವನಿಗೆ ಗುತ್ತಿಗೆ ಹಣ ಇಲ್ಲವೇ ಇಲ್ಲ. ಅವನ ಪಾಲಿಗೆ ಬೇಲಿ ಮಾತ್ರ. ಸಾಲದ ಅವಸರದಲ್ಲಿ ಸಹಿ ಹಾಕುವವನು ಈ ಲೆಕ್ಕವನ್ನು ಮೊದಲು ನೋಡಲಿ.

ಹಾಗಾದರೆ ಕರಾರಿನಲ್ಲಿ ಏನು ಬರೆಸಬೇಕು? ನನ್ನ ಪಟ್ಟಿ ಹೇಳುತ್ತೇನೆ, ನೀವು ತಿದ್ದಿರಿ.

ಒಂದು, ಜಾಗ. ಗೋಮಾಳ, ಹುಲ್ಲುಗಾವಲು, ಕೆರೆ ಅಂಗಳ, ಹೊಳೆ ದಂಡೆ ಬೇಡ. ಮೊದಲು ಸಬ್‌ಸ್ಟೇಷನ್ ಪಕ್ಕದ ಜಮೀನು, ಸರ್ಕಾರಿ ಕಟ್ಟಡದ ಮಾಳಿಗೆ. ಗುಜರಾತಿನ ಚಂದ್ರಾಸನ್‌ನಲ್ಲಿ 2012ರಲ್ಲೇ ನರ್ಮದೆಯ ಕಾಲುವೆ ಮೇಲೆ ಫಲಕ ಹೊದಿಸಿ 1 ಮೆಗಾವ್ಯಾಟ್ ತೆಗೆದರು. ಭೂಮಿಯೂ ಉಳಿಯಿತು, ನೀರು ಆವಿಯಾಗುವುದೂ ತಗ್ಗಿತು. ನಮ್ಮ ನಾರಾಯಣಪುರ ಬಲದಂಡೆ ಕಾಲುವೆ ಮೇಲೆ ಬೀಳುವ ಬಿಸಿಲು ಏನು ಕಡಿಮೆಯೇ?

ಎರಡು, ಬೇಲಿ. ಇಡೀ ಪ್ರದೇಶಕ್ಕೆ ಒಂದೇ ಬೇಲಿ ಬೇಡ. ತುಂಡು ತುಂಡಾಗಿ ಹಾಕಿ, ನಡುವೆ ಹಳ್ಳ ಮತ್ತು ದಾರಿ ಬಿಡಬೇಕು. ಮೊಲ, ಮುಂಗುಸಿ ನುಸುಳುವಷ್ಟು ಬೇಲಿಯ ಕೆಳಗೆ ಸಂದು ಇರಲಿ.

ಮೂರು, ತಂತಿ. ಫಲಕದ ಪ್ರದೇಶದೊಳಗೆ ನೆಲದಡಿ ಕೇಬಲ್ ಹಾಕಲಿ. ಹೊರಗೆ ತಂತಿ ಎಳೆದರೆ ಹಕ್ಕಿಗೆ ದೂರದಿಂದ ಕಾಣುವ ಬಿಲ್ಲೆಗಳನ್ನು ತೂಗುಹಾಕಲಿ. ಕಂಬದ ಮೇಲಿನ ತಂತಿಗಳ ನಡುವೆ ಹದ್ದಿನ ಎರಡು ರೆಕ್ಕೆ ಒಟ್ಟಿಗೆ ತಾಗದಷ್ಟು ಅಂತರ ಇರಲಿ. ಇಲ್ಲವೇ ಹೊದಿಕೆ ಹಾಕಲಿ.

ನಾಲ್ಕು, ಗಾಳಿಯಂತ್ರ. ಬಾವಲಿ ಹೆಚ್ಚು ಹಾರುವುದು ಗಾಳಿ ಕಡಿಮೆ ಇರುವ ರಾತ್ರಿ. ಆ ಹೊತ್ತು ಹುಟ್ಟುವ ಕರೆಂಟೂ ಕಡಿಮೆ. ಆಗ ಯಂತ್ರ ನಿಲ್ಲಿಸಿದರೆ ಬಾವಲಿ ಸಾವು ಅರ್ಧಕ್ಕಿಂತ ತಗ್ಗಿದ್ದನ್ನು ಅಮೆರಿಕದಲ್ಲಿ ಕಂಡಿದ್ದಾರೆ. ನಾರ್ವೆಯ ಸ್ಮೋಲಾದಲ್ಲಿ ನಾಲ್ಕು ಯಂತ್ರಗಳ ಒಂದೊಂದು ರೆಕ್ಕೆಗೆ ಕಪ್ಪು ಬಣ್ಣ ಬಳಿದಾಗ ಹಕ್ಕಿಗಳ ಸಾವು ಶೇಕಡ 70ರಷ್ಟು ಇಳಿಯಿತು ಎಂದು 2020ರಲ್ಲಿ ವರದಿಯಾಯಿತು. ಬಣ್ಣದ ಡಬ್ಬಿಗೆ ಎಷ್ಟು ಖರ್ಚು? ನಾವೂ ನಮ್ಮ ಕೆಲಸ ಮಾಡೋಣ: ಸತ್ತ ದನವನ್ನು ಯಂತ್ರದ ಹತ್ತಿರ ಬಿಸಾಕಬಾರದು, ಹದ್ದು ಅಲ್ಲಿಗೇ ಇಳಿಯುತ್ತದೆ.

ಐದು, ಹುಲ್ಲು. ಫಲಕದ ಕೆಳಗೆ ಕಳೆನಾಶಕ ಹೊಡೆಯಬಾರದು. ಹುಲ್ಲು ಬೆಳೆಯಲಿ, ಊರಿನ ಕುರಿ ಒಳಗೆ ಮೇಯಲಿ. ಕಂಪನಿಗೆ ಹುಲ್ಲು ಕೊಯ್ಯುವ ಕೂಲಿ ಉಳಿಯುತ್ತದೆ, ಕುರಿಯವನಿಗೆ ಮೇವು ಸಿಗುತ್ತದೆ.

ಆರು, ಲೆಕ್ಕ. ಯಂತ್ರ ಮತ್ತು ತಂತಿಯ ಕೆಳಗೆ ಬಿದ್ದ ಹಕ್ಕಿ, ಬಾವಲಿ ಎಣಿಸಿ ತಿಂಗಳಿಗೊಮ್ಮೆ ಪಂಚಾಯಿತಿ ಗೋಡೆಗೆ ಹಚ್ಚಬೇಕು. ಕರಾರು ಮುಗಿದ ದಿನ ಫಲಕ, ಕಾಂಕ್ರೀಟ್ ಎಲ್ಲ ಕಿತ್ತು ಭೂಮಿ ಹಸನು ಮಾಡಿ ಕೊಡಲು ಮೊದಲೇ ಠೇವಣಿ ಇಡಬೇಕು.

ಒಬ್ಬನೇ ಕೇಳಿದರೆ ದಲ್ಲಾಳಿ ಮುಂದಿನ ಮನೆಗೆ ಹೋಗುತ್ತಾನೆ. ಆದ್ದರಿಂದ ಊರು ಒಟ್ಟಾಗಿ ಕೇಳಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಜಂತುಗಳ ದಾಖಲೆ ಪುಸ್ತಕ ಇರಬೇಕು. ಹೋಗಿ ಕೇಳಿರಿ, ಅದು ಕಪಾಟಿನಲ್ಲಿ ಮಲಗಿದ್ದರೆ ಎಬ್ಬಿಸಿರಿ. ಚಿಗರಿ ಎಲ್ಲಿ ನೀರಿಗೆ ಇಳಿಯುತ್ತದೆ, ಗಿಡುಗ ರಾತ್ರಿ ಎಲ್ಲಿ ಕೂಡುತ್ತದೆ, ಬಾವಲಿ ಯಾವ ಪಾಳುಗುಡಿಯಲ್ಲಿ ಇದೆ, ಇದನ್ನು ಬೆಂಗಳೂರಿನವರು ಬಂದು ಹೇಳಬೇಕೇ? ನಮ್ಮ ಕುರಿ ಕಾಯುವವರಿಗೆ ಗೊತ್ತು. ಅವರನ್ನು ಕೂರಿಸಿಕೊಂಡು ಬರೆಸಿರಿ, ಸರ್ವೆ ನಂಬರು ಹಾಕಿಸಿರಿ, ಗ್ರಾಮಸಭೆಯಲ್ಲಿ ಠರಾವು ಮಾಡಿರಿ. ಆ ಠರಾವಿನ ನಕಲನ್ನು ಕರಾರಿಗೆ ಲಗತ್ತಿಸಿರಿ.

ದಲ್ಲಾಳಿ ಅವಸರ ಮಾಡುತ್ತಾನೆ; ನೀವು ಮಾಡಬೇಡಿ. ಈ ಬಿಸಿಲು ನಾಳೆಯೂ ಬೀಳುತ್ತದೆ, ಗಾಳಿ ನಾಡಿದ್ದೂ ಬೀಸುತ್ತದೆ. ಮುಂದಿನ ಗ್ರಾಮಸಭೆಗೆ ಈ ಆರು ಷರತ್ತು ಬರೆದುಕೊಂಡು ಬನ್ನಿರಿ. ಅಲ್ಲಿ ಒಪ್ಪಿಗೆ ಆಗುವ ತನಕ ಯಾರ ಮನೆಯಲ್ಲೂ ಸಹಿ ಬೀಳಬಾರದು.